ಹೆಗಲು ಕೊಡುವವರು

"ಬಿಡು ಆರ್ಲೀನ್, ನನ್ನ ಹೆಂಡತಿ ನೋಡ್ತಿದಾಳೆ," ಎಂದು ಆಂಡಿ ಪಾಲ್ಕೊ ತನ್ನ ಕೋಟಿನ ತೋಳನ್ನು ಕೊಸರಿಕೊಂಡ.

ಆರ್ಲೀನ್ ಬಿಡಲಿಲ್ಲ. ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮಿಲ್ಕಾಳ ಶವಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು. ಇದುವರೆಗೆ ಒಪ್ಪಿದವನು ಒಬ್ಬನೂ ಇರಲಿಲ್ಲ. ಮಿಲ್ಕಾಳ ಸ್ವಂತ ತಮ್ಮ ಜಾನ್ ಹರ್ನಿಯಾ ಎಂದು ಹೊಟ್ಟೆ ಹಿಡಿದುಕೊಂಡು ಮೊದಲೇ ಕೂತುಬಿಟ್ಟಿದ್ದ.

"ಮುಂದಿನ ಮೆಟ್ಟಿಲು ಇಳಿಸಿದ್ರೆ ಸಾಕು ಆಂಡಿ, ಅಷ್ಟೇ."

"ನನ್ನ ಬೆನ್ನು ಕೇಳಬೇಕಲ್ಲ ಮಾರಾಯ್ತಿ."

"ಹೋದ ವಾರ ಬೌಲಿಂಗ್‌ನಲ್ಲಿ ಕಪ್ ಗೆದ್ಯಲ್ಲ, ಆಗ ಎಲ್ಲಿ ಹೋಗಿತ್ತು ಆ ಬೆನ್ನು?"

ಆಂಡಿ ಹೆಂಡತಿಯ ಕಡೆ ನೋಡಿದ. "ನಂಗೆ ಮಿಲ್ಕಾಳ ಪರಿಚಯವೇ ಇಲ್ಲ," ಎಂದ, ಹಿಂದಿನ ಸಾಲಿಗೂ ಕೇಳುವ ಹಾಗೆ.

ಸ್ಟೀವ್ ಕ್ಲಿಮೆಕ್‌ಗೆ ಮಂಡಿನೋವು. ಅವನ ಪಕ್ಕದವನಿಗೆ ಭುಜನೋವು. ಉಕ್ಕಿನ ಕಾರ್ಖಾನೆ ಮುಚ್ಚಿದ್ದೇ ತಡ, ಈ ಊರಿನ ಗಂಡಸರಿಗೆಲ್ಲ ಒಟ್ಟಿಗೇ ಲಕ್ವ ಹೊಡೆದಂತಿತ್ತು.

ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಬೆನೆಡಿಕ್ ಹತ್ತಿರ ಬಂದು ದನಿ ತಗ್ಗಿಸಿದ. "ತಳ್ಳೋ ಗಾಡಿ ಇದೆ ಆರ್ಲೀನ್. ಮೆಟ್ಟಿಲು ಇಳಿಯಲ್ಲ, ಅಷ್ಟೇ. ಅಡುಗೆಮನೆ ಪಕ್ಕದ ಇಳಿಜಾರಲ್ಲಿ ಹಿಂದಿನ ಗಲ್ಲಿಗೆ ಇಳಿಸಿಬಿಡೋಣ."

"ಹಿಂಬಾಗಿಲು ಆಗಲ್ಲ ಬೆನೆಡಿಕ್. ಮಾತು ಕೊಟ್ಟಿದೀನಿ."

*

ಕ್ರೌನ್ ಥಿಯೇಟರಿನ ಮುಂದೆ ಆಳೆತ್ತರದ ಚಿತ್ರದಲ್ಲಿ ಮಿಲ್ಕಾಳ ಹೆಸರು ರೂಬಿ ರೇನ್. ಸುತ್ತ ಬಣ್ಣದ ದೀಪ. ಆದರೆ ಆ ಬಾಗಿಲಿಂದ ಒಳಗೆ ಹೋಗಲು ಅವಳಿಗೆ ಅಪ್ಪಣೆ ಇರಲಿಲ್ಲ. ಕಾಸು ಕೊಟ್ಟು ನೋಡುವುದನ್ನು ಜನ ರಸ್ತೆಯಲ್ಲೇ ಬಿಟ್ಟಿ ನೋಡಿಬಿಟ್ಟರೆ ಹೇಗೆ ಎಂದು ಮಾಲೀಕ ಕೇಳುತ್ತಿದ್ದ. ಹಾಗಾಗಿ ಕಸದ ಡಬ್ಬಿಗಳನ್ನು ದಾಟಿ ಹಿಂದಿನ ಗಲ್ಲಿಯಿಂದಲೇ ಇಪ್ಪತ್ತು ವರ್ಷ ಓಡಾಡಿದಳು.

ಆರ್ಲೀನಳ ಕೆಲಸ ರಂಗದ ಪಕ್ಕದಲ್ಲಿ ನಿಂತು, ಮಿಲ್ಕಾ ಬಿಚ್ಚಿ ಎಸೆದದ್ದನ್ನು ನೆಲಕ್ಕೆ ಬೀಳದಂತೆ ಹಿಡಿಯುವುದು. ಬೇರೆಯವರು ಪೂರ್ತಿ ಬಿಚ್ಚುವ ಹೊತ್ತಿನಲ್ಲಿ ಮಿಲ್ಕಾ ಒಂದು ಕೈಗವಸು ಬಿಚ್ಚುತ್ತಿದ್ದಳು. ಪಾಳಿ ಮುಗಿಸಿ ಬಂದ ಗಂಡಸರು ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆ ಮುಖಗಳೆಲ್ಲ ಆರ್ಲೀನಳಿಗೆ ಗೊತ್ತು. ಮೊದಲ ಸಾಲಿನ ಮೂಲೆ ಆಂಡಿಯದು.

ತಾಯಿ ತೀರಿಕೊಂಡಾಗ ಜಾನ್ ಅಕ್ಕನನ್ನು ಇದೇ ಚರ್ಚಿನ ಅಡುಗೆಮನೆಯಿಂದ ಒಳಗೆ ಬಿಟ್ಟ. ಅವಳು ಕಂಬದ ಹಿಂದೆ ನಿಂತು ಅತ್ತು ಹಾಗೇ ವಾಪಸು ಹೋದಳು. ಥಿಯೇಟರ್ ಕೆಡವಿದ ಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದಳು, ಆರ್ಲೀನಳ ಜೊತೆ ಒಂದೇ ಮನೆಯಲ್ಲಿ ಇದ್ದಳು, ಕೊನೆಗೆ ಆಸ್ಪತ್ರೆ ಸೇರಿದಳು.

"ನನ್ನನ್ನ ಮುಂಬಾಗಿಲಿಂದ ಹೊರಗೆ ತರಬೇಕು ಕಣೇ," ಎಂದಿದ್ದಳು ಅಲ್ಲಿ. "ಹಾಡುಹಗಲಲ್ಲಿ. ಬಟ್ಟೆ ಹಾಕ್ಕೊಂಡೇ ಇರ್ತೀನಲ್ಲ, ಯಾರಿಗೇನು ತೊಂದರೆ?"

*

ಪಾದ್ರಿ ಲಾಂಡ್ರಿಯ ಬಗ್ಗೆ ಮಾತ್ರ ಮಾತಾಡಿದರು. ಮಿಲ್ಕಾ ಹುಟ್ಟಿದ್ದೇ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಎನ್ನಬೇಕು, ಹಾಗೆ.

ಪೂಜೆ ಮುಗಿಯಿತು. ಯಾರೂ ಏಳಲಿಲ್ಲ. ಆರ್ಲೀನ್ ನಡುದಾರಿಯಲ್ಲಿ ನಿಂತಳು.

"ಆರು ಜನ ಬನ್ನಿ," ಎಂದಳು. "ಇಷ್ಟು ವರ್ಷ ಅವಳು ನಿಮ್ಮನ್ನ ಬೇರೇನೂ ಕೇಳಿಲ್ಲ."

ಗಂಡಸರು ಪ್ರಾರ್ಥನೆಯ ಪುಸ್ತಕದೊಳಗೆ ತಲೆ ಹುದುಗಿಸಿದರು. ಹೆಂಗಸರು ತಂತಮ್ಮ ಗಂಡಂದಿರನ್ನು ನೋಡಿದರು. ಆ ನೋಟವೇ ಸಾಕಾಗಿತ್ತು, ಯಾವನ ಬೆನ್ನೂ ಬೆಂಚು ಬಿಡಲಿಲ್ಲ. ಬೆನೆಡಿಕ್ ಕಾದ, ಮತ್ತೂ ಕಾದ, ಕೊನೆಗೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿದ. ಜನ ಎದ್ದು ಮುಂಬಾಗಿಲಿನತ್ತ ಹೊರಟರು. ಜಾನ್ ಆಗಲೇ ಮೆಟ್ಟಿಲ ಮೇಲೆ ನಿಂತು ಬಂದವರ ಕೈಕುಲುಕುತ್ತಿದ್ದ.

ಅಡುಗೆಮನೆಯಲ್ಲಿ ಊಟಕ್ಕೆಂದು ಎಲೆಕೋಸು ಬೇಯುತ್ತಿತ್ತು. ಗಾಡಿಗೆ ದಾರಿ ಬಿಡಲು ಹೆಂಗಸರು ಏಪ್ರನ್ ಒಳಗೆಳೆದುಕೊಂಡು ಗೋಡೆಗೆ ಒತ್ತಿನಿಂತರು. ಆರ್ಲೀನ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ನಡೆದಳು. ಒಂದೇ ಒಂದು ಮಾತು ಕೇಳಿದ್ದಳು ಮಿಲ್ಕಾ, ಅದನ್ನೂ ನಡೆಸಿಕೊಡಲು ಆಗಲಿಲ್ಲ.

ಬೆನೆಡಿಕ್ ಹಿಂಬಾಗಿಲು ತೆಗೆದ.

ಗಲ್ಲಿಯಲ್ಲಿ, ಕಸದ ಡಬ್ಬಿಗಳ ಪಕ್ಕ, ಗಂಡಸರು ನಿಂತಿದ್ದರು. ಆಂಡಿ, ಸ್ಟೀವ್, ಭುಜನೋವಿನವನು, ಇನ್ನೂ ಹಲವರು. ಹೆಂಡತಿಯರನ್ನು ಮುಂದಿನ ಮೆಟ್ಟಿಲಲ್ಲಿ ಬಿಟ್ಟು, ಸಿಗರೇಟಿನ ನೆಪ ಹೇಳಿ, ಪಕ್ಕದ ಸಂದಿಯಿಂದ ನುಸುಳಿ ಬಂದಿದ್ದರು. ಟೋಪಿ ಕೈಯಲ್ಲಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಕ್ರೌನ್ ಥಿಯೇಟರಿನ ಗಲ್ಲಿಯಲ್ಲೂ ಇವರು ಹೀಗೇ ಕಾಯುತ್ತಿದ್ದರು.

"ನಾವು ಹಿಡೀತೀವಿ," ಎಂದ ಆಂಡಿ.

"ಇಲ್ಲಿ ಬೇಕಾಗಿಲ್ಲ," ಎಂದಳು ಆರ್ಲೀನ್. "ಇಲ್ಲಿಗೆ ಗಾಡಿಯೇ ಸಾಕು."

ಅವರು ಕೇಳಲಿಲ್ಲ. ಹಿಡಿಕೆಗಾಗಿ ಒಬ್ಬರನ್ನೊಬ್ಬರು ತಳ್ಳಾಡಿ, ಪೆಟ್ಟಿಗೆಯನ್ನು ಹೂವಿನಂತೆ ಎತ್ತಿದರು. ಯಾರ ಬೆನ್ನೂ ನೋಯಲಿಲ್ಲ, ಯಾರ ಮಂಡಿಯೂ ಕುಸಿಯಲಿಲ್ಲ. ಮುಂದಿನ ಹಿಡಿಕೆ ಆಂಡಿಗೆ ಸಿಕ್ಕಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವನು ಕತ್ತು ಹೊರಳಿಸಿ, ಹೆಂಡತಿ ಬಂದುಬಿಟ್ಟಳೇನೋ ಎಂದು ಗಲ್ಲಿಯ ತುದಿಯನ್ನೇ ನೋಡುತ್ತಿದ್ದ.