ದಾರಿಯಲ್ಲಿರುವ ಸರಕು

ಮಕ್ಕಳ ಜ್ವರದ ಸಿರಪ್ಪು ಮುಗಿದಿತ್ತು. ಔಷಧಿ ಅಂಗಡಿಯ ಅಕ್ಕನಿಗೆ ಎರಡು ಪೆಟ್ಟಿಗೆ ಸಾಕಿತ್ತು. ಗೋದಾಮಿಗೆ ಫೋನ್ ಮಾಡಿ ಆರು ಹೇಳಿದಳು. ಸಂಜೆಯವರೆಗೂ ಬರಲಿಲ್ಲವೆಂದು ಇನ್ನೂ ಆರು ಹೇಳಿದಳು.

ಗಂಡ ಇದ್ದಾಗ, "ಮೊನ್ನೆ ಹೇಳಿದ್ದೇ ದಾರೀಲಿದೆ ಕಣೇ" ಎಂದು ತಡೆಯುತ್ತಿದ್ದ. ಈಗ ಹಾಗೆನ್ನುವವರಿಲ್ಲ. ಮುಂದಿನ ಬೀದಿಯಲ್ಲಿ ಮೈದುನನದೂ ಔಷಧಿ ಅಂಗಡಿಯೇ. ಆದರೆ ಅಣ್ಣ ತೀರಿದ ಮೇಲೆ ಅಂಗಡಿ ಯಾರಿಗೆಂಬ ಜಗಳದಲ್ಲಿ ಅತ್ತಿಗೆ-ಮೈದುನರ ಮಾತು ನಿಂತಿತ್ತು.

ಕೊನೆಗೆ ಸರಕೆಲ್ಲ ಒಟ್ಟಿಗೇ ಬಂತು. ಅಷ್ಟರಲ್ಲಿ ಊರಿನ ಜ್ವರ ಇಳಿದಿತ್ತು. ಪೆಟ್ಟಿಗೆಗಳು ಒಳಮನೆಗೂ ನುಗ್ಗಿ, ಮಂಚದಲ್ಲಿ ಗಂಡ ಮಲಗುತ್ತಿದ್ದ ಜಾಗವನ್ನೂ ಹಿಡಿದವು. ತಿಂಗಳುಗಟ್ಟಲೆ ಮಾರಾಟವಾಗದೆ ಔಷಧದ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಮ್ಮೆ ಹೀಗಾದರೆ ಅಂಗಡಿಗೆ ಬೀಗವೇ ಗತಿ.

ಗೋದಾಮಿನಲ್ಲಿ ಆರ್ಡರ್ ನೋಡಿಕೊಳ್ಳುವ ಗೆಳತಿ ಬಂದವಳು ಒಳಮನೆಯ ಬಾಗಿಲಲ್ಲೇ ನಿಂತಳು. "ಇದೇನೇ, ನೆಂಟರನ್ನ ಮಂಚದ ಮೇಲೇ ಮಲಗಿಸಿದ್ದೀಯ?"

"ನಗಬೇಡ. ನೀವು ಕೇಳಿದ್ದರಲ್ಲಿ ಅರ್ಧಾನೂ ಕೊಡಲ್ಲ. ಅದಕ್ಕೇ ಜಾಸ್ತಿ ಕೇಳಿದೆ."

"ನಿನ್ನ ಮೈದುನನೂ ಹಾಗೇ ಅಂದ್ಕೊಂಡ. ಎಲ್ಲರೂ ಹೆಚ್ಚಿಸಿ ಕೇಳಿದ್ರೆ ಯಾರಿಗೆ ಅಂತ ಪೂರ್ತಿ ಕೊಡೋದು? ನಮ್ಮ ಸಾಹೇಬರು ಊರಿಗೆ ಊರೇ ಜ್ವರದಿಂದ ಮಲಗಿದೆ ಅಂತ ಕಾರ್ಖಾನೆಗೆ ಇನ್ನಷ್ಟು ಹೇಳಿದ್ರು. ಅಂಗಡಿ ಕೆಮ್ಮಿದ್ರೆ ಗೋದಾಮಿಗೆ ಜ್ವರ, ಕಾರ್ಖಾನೆಗೆ ಸನ್ನಿ!"

"ಹಾಗಾದ್ರೆ ಗಿರಾಕಿ ಇರಲೇ ಇಲ್ವಾ?"

"ಇದ್ರು, ದಿನಕ್ಕಿಂತ ಒಂಚೂರು ಜಾಸ್ತಿ. ಮಿಕ್ಕಿದ್ದೆಲ್ಲ ನಿಮ್ಮ ಹೆದರಿಕೆ."

"ಒಬ್ಬಳೇ ಇರೋಳಿಗೆ ಹೆದರಿಕೆ ಆಗ್ದೆ ಇರುತ್ತಾ? ಅಳೋ ಮಗು ಎತ್ಕೊಂಡು ಬಂದ ತಾಯೀನ ಬರಿಗೈಲಿ ಕಳಿಸಿದ್ದೀನಿ ಕಣೇ."

"ಮುಂದಿನ ಬೀದಿಗೆ ಯಾಕೆ ಕಳಿಸಲಿಲ್ಲ? ಆವತ್ತು ನಿನ್ನ ಮೈದುನನ ಹತ್ರ ಇತ್ತಲ್ಲ."

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಫೋನ್ ಎತ್ತಿಕೊಂಡಳು.

"ಅತ್ತಿಗೆ?" ಆ ಕಡೆಯ ದನಿ ನಂಬದಂತಿತ್ತು.

"ನಿನ್ನ ಹತ್ರ ಸಿರಪ್ಪು ಎಷ್ಟಿದೆಯಪ್ಪಾ?"

"ಅಟ್ಟ ಮುರಿದು ಬೀಳೋ ಅಷ್ಟು."

"ಇದು ಕರಗೋವರೆಗೂ ಇಬ್ಬರೂ ಹೊಸದಾಗಿ ಹೇಳೋದು ಬೇಡ. ಮುಂದೆ ಹೇಳೋ ಮುಂಚೆ ಒಬ್ಬರನ್ನೊಬ್ಬರು ಕೇಳೋಣ."

"ಆಗ್ಲಿ ಅತ್ತಿಗೆ." ಆಮೇಲೆ ಕೇಳಿದ: "ಊಟ ಆಯ್ತಾ?"

ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. "ಇನ್ನೂ ಇಲ್ಲ" ಎನ್ನುತ್ತ ಅವಳು ಮಂಚದ ಮೇಲಿನ ಪೆಟ್ಟಿಗೆಯೊಂದನ್ನು ಸರಿಸಿ ಕೂತಳು.

ಅಂಗಡಿಯವರೇ, ಹೊಸ ಆರ್ಡರ್ ಹೇಳುವ ಮೊದಲು ಕಪಾಟಿನಲ್ಲಿರುವುದನ್ನೂ ದಾರಿಯಲ್ಲಿರುವುದನ್ನೂ ಸೇರಿಸಿ ಎಣಿಸಿ. ಬೇಕಾದಷ್ಟೇ ಕೇಳಿ. ಪಕ್ಕದ ಅಂಗಡಿಯವರೊಡನೆ ಮಾತಾಡಿ. ನೀವು ಹೆದರಿ ಕೂಡಿಟ್ಟ ಸೀಸೆಗಾಗಿ ಇನ್ನೆಲ್ಲೋ ಒಂದು ಮಗು ಕಾಯುತ್ತಿರಬಹುದು.