ಗೆಂಕಿ ಎಂಜಿನ್

ಜಪಾನಿನ ಕಾವಾಸಾಕಿ ಊರಿನಲ್ಲಿ ಎಂಜಿನಿಯರಾಗಿದ್ದ ಈರಣ್ಣ, ಗುಜರಿಗೆ ಹೊರಟಿದ್ದ ಹಳೆಯ ಅಮೆರಿಕನ್ ಮಸಲ್ ಕಾರೊಂದನ್ನು ಕೊಂಡು, ಅದಕ್ಕೆ ಇನ್ನೂ ದೊಡ್ಡ ಎಂಜಿನ್ ಕೂರಿಸಿ, ವರ್ಷದ ಭಾನುವಾರಗಳನ್ನೆಲ್ಲ ಅದರ ರಿಪೇರಿಗೇ ಸುರಿದಿದ್ದ. ಎಂಜಿನ್ ಗುಡುಗಿದಾಗಲೆಲ್ಲ ಪಕ್ಕದ ಮನೆಯ ಅಜ್ಜಿ ಮೊರಿತಾ ಸಾನ್ ಕಿಟಕಿ ತೆರೆದು, ನಗುನಗುತ್ತಲೇ, "ಎಂಜಿನ್ ತುಂಬಾ ಗೆಂಕಿಯಾಗಿದೆ, ಅಲ್ವಾ!" ಎನ್ನುತ್ತಿದ್ದರು. ಗೆಂಕಿ ಎಂದರೆ ಗಟ್ಟಿಮುಟ್ಟು, ಲವಲವಿಕೆ. ಬೀದಿಗೆಲ್ಲ ಕಾರಿನ ಬೆಲೆ ಗೊತ್ತಿರುವುದು ಈ ಅಜ್ಜಿಯೊಬ್ಬರಿಗೇ ಎಂದು ಉಬ್ಬಿಹೋಗುತ್ತಿದ್ದ ಪೆದ್ದ, ಅವರಿಗೋಸ್ಕರ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುತ್ತಿದ್ದ.

ಸರ್ಕಾರಿ ತಪಾಸಣೆಯಲ್ಲಿ ಕಾರು ಕೊನೆಗೂ ಪಾಸಾಯಿತು. ಮರುದಿನ ಬೆಳಿಗ್ಗೆ ಈರಣ್ಣ ಚಕ್ರಗಳಡಿ ನಿಂಬೆಹಣ್ಣಿಟ್ಟು ಮಗಳನ್ನು ಕರೆದ. "ದೀಕ್ಷಾ, ಮೊರಿತಾ ಸಾನ್‌ನ ಕರಿಯಮ್ಮ. ಫಸ್ಟ್ ರೌಂಡ್ ಅವರಿಗೇ. ಪ್ರತಿ ಸಂಡೇ ಗೆಂಕಿ, ಗೆಂಕಿ ಅಂತ ಹೊಗಳ್ತಾರೆ."

ಇಲ್ಲೇ ಹುಟ್ಟಿ ಬೆಳೆದ ದೀಕ್ಷಾಳ ಮುಖ ಚಿಕ್ಕದಾಯಿತು. "ಅಪ್ಪಾ, ದಟ್ಸ್ ನಾಟ್ ಹೊಗಳೋದು. ಇಲ್ಲಿ ಯಾರೂ ಡೈರೆಕ್ಟಾಗಿ ಹೇಳಲ್ಲ. ಸೌಂಡ್ ಜಾಸ್ತಿ, ನಿಲ್ಸಿ ಅಂತ ಅದರರ್ಥ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಈರಣ್ಣನಿಗೆ. ಅಷ್ಟರಲ್ಲಿ ಮೊರಿತಾ ಸಾನ್ ತಾವೇ ಬಾಗಿಲಿಗೆ ಬಂದು, ನಡು ಬಗ್ಗಿಸಿ ಹೇಳಿದರು: "ಸುಮಿಮಾಸೆನ್. ನಮ್ಮ ಯಜಮಾನರು ತುಂಬಾ ದಿನದಿಂದ ಹಾಸಿಗೆ ಹಿಡಿದಿದ್ದಾರೆ. ಈಗಷ್ಟೇ ನಿದ್ದೆ ಹತ್ತಿತು. ದಯವಿಟ್ಟು ನಮ್ಮನ್ನು ಕ್ಷಮಿಸಬೇಕು."

ಕ್ಷಮೆ ಕೇಳುತ್ತಿದ್ದವರು ಅವರು!

ಈರಣ್ಣ ಕೀಲಿಯನ್ನು ಜೇಬಿಗಿಳಿಸಿದ. ಅಪ್ಪ ಮಗಳು ಸೇರಿ ಕಾರನ್ನು ದೊಡ್ಡ ರಸ್ತೆಯತ್ತ ಕೈಯಿಂದಲೇ ತಳ್ಳತೊಡಗಿದರು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದಿತು. ಆ ಸದ್ದಿಗೂ ಬೆಚ್ಚಿಬಿದ್ದ ಈರಣ್ಣ, ಅಜ್ಜಿಯ ಕಿಟಕಿಯತ್ತ ತಿರುಗಿ ತಲೆ ಬಗ್ಗಿಸಿದ.