ಯಮನಮ್ಮನ ಐದು ಪೊಟ್ಟಣ

ಔಷಧಿ ಹಾಕದ ರಕ್ತದಲ್ಲಿ ಸಾವಿರ ಕೆಂಪು ಕಣ ಎಣಿಸಿದರೆ, ಮಲೇರಿಯಾ ರೋಗಾಣು ಹೊಕ್ಕಂಥವು ನಲವತ್ತಾದರೂ ಸಿಗುತ್ತವೆ. ಏಳನೇ ನಂಬರಿನ ಸ್ಲೈಡಿನಲ್ಲಿ ನನಗೆ ಸಿಕ್ಕಿದ್ದು ಎರಡು. ಎರಡೇ ಎರಡು! ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಮೂರು. ರಾಯಚೂರಿನ ಈ ಲ್ಯಾಬಿನಲ್ಲಿ ಎರಡು ವರ್ಷದಿಂದ ಇಪ್ಪತ್ತಾರು ಗಿಡಗಳ ಎಲೆ, ತೊಗಟೆ, ಬೇರು ನೆನೆಸಿ ಸಾರ ತೆಗೆದಿದ್ದೇನೆ, ರೋಗಾಣು ಬೆಳೆಸಿದ ರಕ್ತಕ್ಕೆ ಹಾಕಿ ನೋಡಿದ್ದೇನೆ. ಒಂದಾದರೂ ಹೀಗೆ ಕೆಲಸ ಮಾಡಿರಲಿಲ್ಲ.

"ಅಂಬರೀಶ, ಏಳು ಯಾವುದೋ?" ಎಂದು ಕೂಗಿದೆ. ನಮ್ಮ ಲ್ಯಾಬಿನಲ್ಲಿ ಬಾಟಲಿಗೆ ನಂಬರ್ ಹಾಕುವುದು ಅವನ ಕೆಲಸ, ಎಣಿಸುವುದು ನನ್ನದು. ಯಾವ ನಂಬರಿನಲ್ಲಿ ಏನಿದೆ ಎಂದು ಎಣಿಸುವವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಅವನು ಚೀಟಿ ಬಿಚ್ಚಿ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ನಿಮ್ಮವ್ವನ ಪುಡಿ, ಅಕ್ಕಾ."

ಹೋದ ಮಳೆಗಾಲ ಕಲ್ಲೂರಿನಲ್ಲಿ ಅವ್ವನಿಗೆ ಮಲೇರಿಯಾ ಬಂದಿತ್ತು. ಸರ್ಕಾರಿ ಗುಳಿಗೆಯನ್ನೂ ನುಂಗಿದಳು, ದೇವದುರ್ಗದ ಯಮನಮ್ಮ ಎಂಬವರು ಕೊಟ್ಟ ಹಸಿರು ಪುಡಿಯನ್ನೂ ಮಜ್ಜಿಗೆಯಲ್ಲಿ ಕಲಸಿ ಕುಡಿದಳು. ಗುಣವಾದ ಮೇಲೆ ಊರೆಲ್ಲ ಹೊಗಳಿಕೊಂಡು ತಿರುಗಿದ್ದು ಮಾತ್ರ ಪುಡಿಯನ್ನು. ನನಗೆ ಪಿತ್ತ ನೆತ್ತಿಗೇರಿತು. ಅವಳ ಬಾಯಿ ಮುಚ್ಚಿಸಬೇಕೆಂದೇ ಉಳಿದ ಪುಡಿಯನ್ನು ಲ್ಯಾಬಿಗೆ ತಂದಿದ್ದೆ. ಈಗ ಮುಚ್ಚಿದ್ದು ನನ್ನ ಬಾಯಿ.

ಖುಷಿಗೆ ಆ ದಿನ ಊಟ ಸೇರಲಿಲ್ಲ. ನನ್ನ ಸಂಶೋಧನೆಯ ಗೈಡ್ ಸರ್ ಕೂಡ ಖುಷಿಪಟ್ಟರು, ಆದರೆ ಪುಡಿ ಯಾವ ಗಿಡದ್ದೆಂದು ಗೊತ್ತಾಗದಿದ್ದರೆ ಈ ಎಣಿಕೆ ಇದ್ದೂ ಇಲ್ಲದಂತೆ ಎಂದರು. ಗಿಡ ಬೇಕು, ಅದೂ ಹೂವಿನ ಸಮೇತ. ಇತ್ತ ಪುಡಿ ಚಿಟಿಕೆಯಷ್ಟೂ ಉಳಿದಿರಲಿಲ್ಲ. ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ.

ಯಮನಮ್ಮನವರಿಗೆ ಅರವತ್ತು ದಾಟಿದೆ. ಹೊಲದ ಕೂಲಿಗೆ ಹೋಗುತ್ತಾರೆ, ಜ್ವರ ಎಂದು ಬಂದವರಿಗೆ ಬಾಗಿಲಲ್ಲೇ ಪುಡಿ ಕೊಡುತ್ತಾರೆ. ನಾನು ಹೋದಾಗ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಗಿಡ ತೋರಿಸಿ ಎಂದೆ. ಮೊರದ ಸದ್ದೇ ಉತ್ತರ. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಗೋಗರೆದೆ. ಹೆಸರು ಬಾಯಿಗೆ ಬಂದರೆ ಔಷಧಿ ಸತ್ತಂತೆ ಎಂದರು. ಇದೆಲ್ಲ ಎಲ್ಲಿಯ ಮಾತು ಎಂದು ಸಿಟ್ಟು ಬಂತು. ನಾವೂ ಬಾಟಲಿಯ ಮೇಲೆ ಹೆಸರು ಬರೆಯುವುದಿಲ್ಲ, ಬರೀ ನಂಬರ್ ಹಾಕಿ, ಏನೂ ತಿಳಿಯದೆ ಎಣಿಸುತ್ತೇವೆ, ಹಾಗಂತ ಯಾರ ಮುಂದೆಯೂ ಮುಚ್ಚಿಟ್ಟುಕೊಂಡು ಕೂರುವುದಿಲ್ಲ ಎಂದು ದನಿ ಏರಿಸಿಯೇ ಹೇಳಿಬಿಟ್ಟೆ.

ಮೊರ ನಿಂತಿತು. ಹೆಸರು ತಿಳಿಯದೆ ಹೇಗೆ ಕಂಡುಹಿಡಿಯುತ್ತೀರಿ ಎಂದು ಎರಡೆರಡು ಸಲ ಕೇಳಿದರು. ಎಲ್ಲ ಬಿಡಿಸಿ ಹೇಳಿದೆ. ಎಂಟು ದಿನ ಬಿಟ್ಟು ಬಾ ಎಂದರು.

ಎಂಟನೇ ದಿನ ನನ್ನ ಮುಂದೆ ಐದು ಪೊಟ್ಟಣ ಇಟ್ಟರು. ಐದರಲ್ಲೂ ನುಣ್ಣಗೆ ಕುಟ್ಟಿದ ಹಸಿರು ಪುಡಿ. ಒಂದರ ದಾರಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ಐದರವರೆಗೆ.

"ನಂದ್ಯಾವುದು, ನೀನ ಹುಡುಕಿ ಹೇಳು ತಂಗಿ" ಎಂದರು.

ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಆ ಪೊಟ್ಟಣಗಳನ್ನು ಕೂಸಿನಂತೆ ಅವುಚಿ ಹಿಡಿದಿದ್ದೆ. ನಮ್ಮದೇ ಪರೀಕ್ಷೆಯ ಪದ್ಧತಿ ಹಿಡಿದು ಓದುಬರಹ ಬಾರದ ಹೆಂಗಸು ನನಗೇ ಪ್ರಶ್ನೆಪತ್ರಿಕೆ ಕೊಟ್ಟಿದ್ದರು! ನಗು ತಡೆಯಲಾಗದೆ ನಕ್ಕೆ. ಪಕ್ಕದಲ್ಲಿ ಕುಳಿತವರು ಸ್ವಲ್ಪ ಸರಿದು ಕುಳಿತರು.

ಸಾರ ತೆಗೆದು, ರಕ್ತಕ್ಕೆ ಹಾಕಿ, ಎರಡು ದಿನ ಕಾದು, ಅಂಬರೀಶ ನಂಬರ್ ಹಾಕಿಕೊಟ್ಟ ಸ್ಲೈಡುಗಳ ಮುಂದೆ ಕುಳಿತೆ. ನಲವತ್ತು. ಮೂವತ್ತೆಂಟು. ನಲವತ್ತೆರಡು. ನಾಲ್ಕನೆಯದು ಮೂವತ್ತಮೂರು! ಕುರ್ಚಿಯಿಂದ ಎದ್ದೇಬಿಟ್ಟೆ. ಮತ್ತೆ ಎಣಿಸಿದರೆ ಮೂವತ್ತೊಂಬತ್ತು. ಮೂರನೇ ಸಲ ನಲವತ್ತೊಂದು. ಐದನೆಯದೂ ಅಷ್ಟೇ. ಹೋಲಿಕೆಗೆಂದು ಮಲೇರಿಯಾ ಗುಳಿಗೆಯ ಔಷಧಿ ಹಾಕಿದ ಬಾಟಲಿಯಲ್ಲಿ ರೋಗಾಣು ಒಂದೇ ಒಂದು, ಅಂದರೆ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ.

ಮೂವತ್ತಮೂರು ಬಂದದ್ದು ಮೂರು ಗಂಟಿನ ಪೊಟ್ಟಣ ಎಂದು ಅಂಬರೀಶ ಚೀಟಿ ನೋಡಿ ಹೇಳಿದ.

"ಮೂರು ಅಂದು ನೋಡ್ರಿ ಅಕ್ಕಾ. ಹತ್ತಿದ್ರ ಹತ್ತಿತು."

ಅವನನ್ನು ಬೈದೆ. ಬೈದವಳು ದೇವದುರ್ಗದವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕುಳಿತೆ. ಮೂರು ಎಂದು ಹೇಳಿಬಿಟ್ಟರೆ ಐದಕ್ಕೆ ಒಂದರಷ್ಟಾದರೂ ಗೆಲ್ಲುವ ಸಂಭವ ಇತ್ತು. ಯಾವುದೂ ಅಲ್ಲ ಎಂದರೆ, ನಿನ್ನ ಗಾಜಿನ ಕಣ್ಣಿಗೆ ನನ್ನ ಔಷಧಿ ಕಾಣುವುದಿಲ್ಲ, ನಡಿ ಎಂದು ಎಬ್ಬಿಸಿ ಕಳಿಸಿದರೆ? ಎರಡು ವರ್ಷದಲ್ಲಿ ಕೈಗೆ ಬಂದ ಒಂದೇ ಒಂದು ಗಿಡ. ಅದು ಹೋದರೆ ನನ್ನ ಹತ್ತಿರ ಏನೂ ಇರಲಿಲ್ಲ.

ಯಮನಮ್ಮ ನೀರು ಕೊಟ್ಟರು, ಎದುರಿಗೆ ಕುಳಿತರು. 'ಮೂರು' ನಾಲಿಗೆಯ ತುದಿಗೆ ಬಂದಿತ್ತು. ಹೇಗೋ ನುಂಗಿಕೊಂಡೆ.

"ಐದರಾಗ ಒಂದೂ ಕೆಲಸ ಮಾಡ್ಲಿಲ್ಲ, ಯವ್ವಾ. ಮತ್ತ ಮತ್ತ ಎಣಿಸಿ ನೋಡೀನಿ. ನಿನ್ನ ಗಿಡ ನನಗ ಸಿಗಲಿಲ್ಲ."

ಯಮನಮ್ಮ ನನ್ನ ಮುಖವನ್ನೇ ದಿಟ್ಟಿಸಿದರು.

"ಹೆಂಗ ಸಿಗತದ? ಅದನ್ನ ನಾ ಇಟ್ಟಿದ್ದಿಲ್ಲ."

ಅಂದರೆ ಐದರಲ್ಲಿ ಯಾವುದೂ ಅವರ ಔಷಧಿ ಆಗಿರಲೇ ಇಲ್ಲ! ಮೂರು ಗಂಟಿನದರಲ್ಲಿ ಏನಿತ್ತು ಎಂದು ಮೆಲ್ಲಗೆ ಕೇಳಿದೆ. ನುಗ್ಗಿ ಸೊಪ್ಪು ಎಂದರು. ನುಗ್ಗಿ ಸೊಪ್ಪು! ಪಲ್ಯ ಮಾಡುವ ಸೊಪ್ಪಿಗೆ ನಾನು ಎರಡು ವರ್ಷದ ದುಡಿಮೆ ಒತ್ತೆ ಇಡಲು ಹೊರಟಿದ್ದೆ. ಇಷ್ಟು ದಿನ ಸುಮ್ಮಸುಮ್ಮನೆ ಎಣಿಸಲು ಹಚ್ಚಿದಿರಲ್ಲ ಎಂದು ಸಿಟ್ಟಿನಿಂದಲೇ ಶುರು ಮಾಡಿದೆ, ನಡುವೆ ನಗು ಬಂತು, ನಗುತ್ತ ನಗುತ್ತ ಅತ್ತೂಬಿಟ್ಟೆ.

"ಯಾವುದಾರ ಒಂದನ್ನ ನಂದು ಅಂದಿದ್ರ ಕೈ ಮುಗದು ಕಳಿಸ್ತಿದ್ದೆ" ಎಂದರು ಯಮನಮ್ಮ. "ಕಾಣಲಾರದ್ದನ್ನ ಕಂಡೀನಿ ಅನ್ನೋರ ಕೈಯಾಗ ಮಂದಿ ಜೀವದ ಔಷಧಿ ಹೆಂಗ ಕೊಡ್ಲಿ?"

ಅವರು ಎದ್ದು ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏಳು, ಬಿಸಲೇರೂದ್ರಾಗ ಗುಡ್ಡಕ್ಕ ಹೋಗೂಣು. ಬಾಯಿಲೆ ಹೇಳಂಗಿಲ್ಲ, ಕೈಲೆ ತೋರಸ್ತೀನಿ. ಈಗ ಹೂ ಬಿಟ್ಟದ."

ಕಣ್ಣು ಒರೆಸಿಕೊಂಡು ಏಳುವಷ್ಟರಲ್ಲಿ ಅವರು ಓಣಿ ದಾಟಿದ್ದರು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಅವರ ಹಿಂದೆ ಓಡಿದೆ.